ಸಹಾಯ ಬೇಕು: ಊರವರದೇ ಒಂದು ದಿನಸಿ ಅಂಗಡಿ ಕಟ್ಟುತ್ತಿದ್ದೇವೆ

ಎಲ್ಲರಿಗೂ ನಮಸ್ಕಾರ. ನಮ್ಮದು ಗದಗ ಕಡೆ ಒಂದು ಸಣ್ಣ ಊರು. 2023ರ ಬರ ನಿಮಗೆ ಗೊತ್ತೇ ಇದೆ, ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವಾಗಿದ್ದವು. ಜೋಳ ಬೆಳೆಯುತ್ತಿದ್ದವರೇ ಆಗ ಕೊಂಡು ತಿನ್ನಬೇಕಾಯಿತು. ಅದಕ್ಕೇ 42 ಮನೆಯವರು ತಲಾ 500 ರೂಪಾಯಿ ಹಾಕಿ ಜೋಳ, ಬೇಳೆ, ಎಣ್ಣೆ ಒಟ್ಟಿಗೆ ತಂದು ಹಂಚಿಕೊಳ್ಳುತ್ತಿದ್ದೇವೆ.

ಮೊನ್ನೆ ಒಂದು ಚೀಲ ಬಿಚ್ಚಿದರೆ ತುಂಬಾ ನುಸಿ. ಇಬ್ಬರು ಅಜ್ಜಿಯರು ಮೊರ ಹಿಡಿದು ಸಂಜೆವರೆಗೂ ಕೇರಿದರು, ನೋಡಿ ಹೊಟ್ಟೆ ಉರಿಯಿತು. ಒಣಗಿದ ಬೇವಿನ ಎಲೆ ಹಾಕಿದ್ದೇವೆ. ಐದಾರು ತಿಂಗಳು ಇಡಲು ಅಷ್ಟೇ ಸಾಕಾ? ಔಷಧಿ ಹಾಕಲು ಮನಸ್ಸಿಲ್ಲ, ಮಕ್ಕಳು ತಿನ್ನುವ ರೊಟ್ಟಿ ಅಲ್ವಾ.

ಇನ್ನೊಂದು, ನೋಂದಣಿ. 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ ಮಾಡಿಸಬೇಕಾ, 1997ರ ಸೌಹಾರ್ದ ಸಹಕಾರಿ ಕಾಯ್ದೆಯಲ್ಲಾ? ಇಷ್ಟು ಸಣ್ಣ ಅಂಗಡಿಗೆ ಯಾವುದರಲ್ಲಿ ತಾಪತ್ರಯ ಕಡಿಮೆ? 1905ರಲ್ಲೇ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಜಿಲ್ಲೆ ನಮ್ಮದು, ಕೈಬಿಡಲು ಮನಸ್ಸೇ ಬರುತ್ತಿಲ್ಲ.

ಎಲ್ಲಕ್ಕಿಂತ ಜಾಸ್ತಿ ಕಾಡುತ್ತಿರುವುದು ಉದ್ರಿ. ಕೂಲಿ ಸಿಗದವರಿಗೆ ಇಲ್ಲ ಅನ್ನಲು ಬಾಯಿ ಬರಲ್ಲ. ಕೊಡುತ್ತಾ ಹೋದರೆ ಮುಂದಿನ ತಿಂಗಳು ಮಾಲು ತರಲು ದುಡ್ಡಿರಲ್ಲ. ಇಂಥ ಅಂಗಡಿ ನಡೆಸಿದವರು ಉದ್ರಿಗೆ ಏನು ನಿಯಮ ಇಟ್ಟಿದ್ದಿರಿ, ದಯವಿಟ್ಟು ಬರೆಯಿರಿ. ಭಾನುವಾರ ಸಭೆ ಇದೆ, ಓದಿ ಹೇಳುತ್ತೇನೆ.