ಮಕ್ಕಳ ಕೆಳದವಡೆಯ ಹಲ್ಲು ಕೀಳುವಾಗ ಅರಿವಳಿಕೆ ಸಾಲದಿದ್ದರೆ?

ಪ್ರಶ್ನೆ:
ತಾಲ್ಲೂಕು ಕೇಂದ್ರವೊಂದರಲ್ಲಿ ದಂತವೈದ್ಯನಾಗಿದ್ದೇನೆ. ಮಕ್ಕಳ ಮೇಲ್ದವಡೆಯಲ್ಲಿ ಮೂಳೆ ತೆಳುವಾಗಿರುವುದರಿಂದ ಬೇರಿನ ಹೊರಬದಿಗೆ ಕೊಟ್ಟ ಅರಿವಳಿಕೆ ಮದ್ದು ಲಿಗ್ನೊಕೇನ್ ಸಲೀಸಾಗಿ ಒಳಗಿಳಿಯುತ್ತದೆ. ಆದರೆ ಐದಾರು ವರ್ಷದವರ ಕೆಳಗಿನ ದವಡೆಹಲ್ಲಿಗೆ ನರದ ಬ್ಲಾಕ್ (ನರವನ್ನೇ ಮರಗಟ್ಟಿಸುವ ಚುಚ್ಚುಮದ್ದು) ಕೊಟ್ಟು, ತುಟಿ ಜೋಮು ಹಿಡಿದಿದೆ ಎಂದು ಮಗುವೇ ಹೇಳಿದ ಮೇಲೂ ಇಕ್ಕಳ ಇಟ್ಟೊಡನೆ ಕಿರುಚುವುದುಂಟು. ಅದು ನೋವೋ ಭಯವೋ ಎಂದು ತಿಳಿಯುವುದು ಹೇಗೆ? ಮತ್ತೆ ಚುಚ್ಚುವುದಾದರೆ ಮಿತಿ ಎಷ್ಟು?

ಉತ್ತರ 1:
ಡಾಕ್ಟರೇ, ನೋವಲ್ಲವೆಂದು ಖಚಿತವಾಗುವವರೆಗೆ ಅದನ್ನು ನೋವೆಂದೇ ಎಣಿಸಿ. ತುಟಿ ಜೋಮು ಹಿಡಿದರೆ ಕೆಳದವಡೆಯ ನರ ಮರಗಟ್ಟಿದೆ ಎಂದಷ್ಟೇ ಅರ್ಥ. ಕೆನ್ನೆಯ ಬದಿಯ ವಸಡಿಗೆ ಬೇರೆಯದೇ ನರವಿದ್ದು, ಅದಕ್ಕೆ ಪ್ರತ್ಯೇಕವಾಗಿ ಮದ್ದು ಕೊಡಬೇಕು. ಅಲ್ಲದೆ, ಮಕ್ಕಳಲ್ಲಿ ಕೆಳದವಡೆಯ ನರ ದವಡೆಯೊಳಗೆ ಹೋಗುವ ರಂಧ್ರ ಹಲ್ಲುಗಳ ಕಡಿಯುವ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿರುತ್ತದೆ. ಆದ್ದರಿಂದ ದೊಡ್ಡವರಿಗೆ ಚುಚ್ಚುವ ಎತ್ತರದಲ್ಲೇ ಮಗುವಿಗೂ ಚುಚ್ಚಬಾರದು, ಸೂಜಿಯನ್ನು ತುಸು ಕೆಳಗೆ ಹಿಡಿಯಬೇಕು.

ಇಕ್ಕಳ ಎತ್ತುವ ಮುನ್ನ ಮೊನಚಾದ ಉಪಕರಣವನ್ನು ಹಲ್ಲಿನ ಹೊರಬದಿಯಲ್ಲೂ ನಾಲಗೆಯ ಬದಿಯಲ್ಲೂ ವಸಡಿನಂಚಿಗೆ ಒತ್ತಿ ನೋಡಿ. ಆಗ ಮಗುವಿನ ಮಾತಿಗಿಂತ ಅದರ ಕಣ್ಣು, ಕೈಬೆರಳುಗಳನ್ನು ಗಮನಿಸಿ. ಬೇಗ ಮನೆಗೆ ಹೋಗಬೇಕೆಂಬ ಆಸೆಗೆ "ಹೂಂ, ಜೋಮು ಹಿಡಿದಿದೆ" ಎನ್ನುವ ಮಕ್ಕಳೇ ಹೆಚ್ಚು. ಒತ್ತಿದ್ದು ಗೊತ್ತಾಗುತ್ತದೆ, ಚುಚ್ಚಿದ ಹಾಗೆ ನೋಯಬಾರದು ಎಂದು ಮೊದಲೇ ತಿಳಿಸಿದ್ದರೆ ಎರಡನ್ನೂ ಅವು ಚೆನ್ನಾಗಿ ಬೇರ್ಪಡಿಸುತ್ತವೆ.

ಉತ್ತರ 2:
ಮಿತಿಯ ವಿಷಯ: ಮಕ್ಕಳಿಗೆ ಲಿಗ್ನೊಕೇನನ್ನು ಕಿಲೋ ತೂಕಕ್ಕೆ 4.4 ಮಿ.ಗ್ರಾಂ ಮೀರದಂತೆ ಕೊಡುವುದು ಸುರಕ್ಷಿತ ಪದ್ಧತಿ. 15 ಕಿಲೋ ಮಗುವಿಗೆ ಅದು 66 ಮಿ.ಗ್ರಾಂ. ಶೇ. 2ರ ದ್ರಾವಣದ ಪ್ರತಿ ಮಿ.ಲೀ.ಯಲ್ಲಿ 20 ಮಿ.ಗ್ರಾಂ ಇರುವುದರಿಂದ 3.3 ಮಿ.ಲೀ. ಆಯಿತು, ಅಂದರೆ 2 ಮಿ.ಲೀ. ಸಿರಿಂಜನ್ನು ಎರಡು ಸಲ ಪೂರ್ತಿ ತುಂಬಿ ಕೊಟ್ಟರೆ ಮಿತಿ ದಾಟಿದಂತೆಯೇ. ವಯಸ್ಸು ನೋಡಿ ತೂಕ ಊಹಿಸದೆ ತಕ್ಕಡಿಯ ಮೇಲೆ ನಿಲ್ಲಿಸಿ. ಮೊದಲು ಹಚ್ಚುವ ಜೆಲ್‌ನಲ್ಲಿ ಲಿಗ್ನೊಕೇನ್ ಇದ್ದರೆ ಅದೂ ಲೆಕ್ಕಕ್ಕೆ ಸೇರಬೇಕು. ಆ ಜೆಲ್ ಜೊಲ್ಲಿನ ಮೇಲೆ ಬಳಿದರೆ ವ್ಯರ್ಥ. ವಸಡನ್ನು ಹತ್ತಿಯಿಂದ ಒರೆಸಿ, ಹಚ್ಚಿ, ಒಂದೆರಡು ನಿಮಿಷ ಕಾಯಬೇಕು. ಆಮೇಲೆ ಮದ್ದನ್ನು ನಿಧಾನವಾಗಿ ಒಳಬಿಡಿ, ಏಕೆಂದರೆ ರಭಸವಾಗಿ ತಳ್ಳಿದಾಗಲೇ ಮಗುವಿಗೆ ಹೆಚ್ಚು ನೋಯುವುದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೀವು ತುಂಬಿ ಕೆನ್ನೆ ಊದಿದ್ದರೆ?

ಉತ್ತರ 1:
ಸೋಂಕಿರುವ ಕಡೆ ಆಮ್ಲೀಯತೆ ಹೆಚ್ಚಿರುವುದರಿಂದ ಮದ್ದು ನರದೊಳಗೆ ಸರಿಯಾಗಿ ಇಳಿಯುವುದಿಲ್ಲ. ಊತದೊಳಕ್ಕೇ ಚುಚ್ಚದೆ ದೂರದಿಂದ ಬ್ಲಾಕ್ ಕೊಡಿ. ಜ್ವರವಿದ್ದರೆ, ಬಾಯಿ ತೆರೆಯಲಾಗದಿದ್ದರೆ, ನುಂಗಲು ಕಷ್ಟವಾಗುತ್ತಿದ್ದರೆ ಕ್ಲಿನಿಕ್ಕಿನಲ್ಲಿ ಪ್ರಯತ್ನಿಸದೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಕಳುಹಿಸಿ.

ಉತ್ತರ 3:
ನಾನು ವೈದ್ಯೆಯಲ್ಲ, ಒಬ್ಬ ತಾಯಿ. ಹಲ್ಲು ಕಿತ್ತ ಮೇಲೂ ಎರಡು ಮೂರು ಗಂಟೆ ತುಟಿ ಮರಗಟ್ಟಿಯೇ ಇರುತ್ತದೆಂದು ಮನೆಯವರಿಗೆ ಬಿಡಿಸಿ ಹೇಳಿ ಸರ್. ನನ್ನ ಮಗ ತನ್ನ ಕೆಳತುಟಿಯನ್ನು ಅಗಿದುಕೊಂಡು, ಮರುದಿನ ಆದ ಬಿಳಿಯ ಹುಣ್ಣನ್ನು ನಾವು ಕೀವೆಂದು ತಿಳಿದು ಗಾಬರಿಯಾಗಿದ್ದೆವು.