ಸಹಾಯ ಬೇಕು: ಹಡಗಿಗೆ ಎತ್ತದೆ ಬಿಟ್ಟ ಶಾರ್ಕ್ ಅನ್ನು ವೀಕ್ಷಕರ ವರದಿಯಲ್ಲಿ ಹೇಗೆ ಬರೆಯಬೇಕು?

ಗುಂಪಿನ ಹಿರಿಯರಿಗೆ ನಮಸ್ಕಾರ. ಮಂಗಳೂರಿನಲ್ಲಿ ಮೀನುಗಾರಿಕಾ ವಿಜ್ಞಾನ ಓದಿದ ನಾನು, ಹಿಂದೂ ಮಹಾಸಾಗರದಲ್ಲಿ ಟ್ಯೂನ ಹಿಡಿಯುವ ಲಾಂಗ್‌ಲೈನ್ (ಉದ್ದನೆಯ ಸಾಲಿಗೆ ಅನೇಕ ಗಾಳ ಕಟ್ಟಿ ಬಿಡುವ) ಹಡಗೊಂದರಲ್ಲಿ, ಸಿಕ್ಕ ಮೀನುಗಳನ್ನು ನೋಡಿ ದಾಖಲಿಸುವ ವೀಕ್ಷಕನಾಗಿ ಮೊದಲ ಯಾನ ಮುಗಿಸಿ ಬಂದಿದ್ದೇನೆ. ಹಿಂದೂ ಮಹಾಸಾಗರ ಟ್ಯೂನ ಆಯೋಗದ ನಿಯಮದಂತೆ ಯಾನ ಮುಗಿದ 30 ದಿನಗಳೊಳಗೆ ವರದಿ ಕೊಡಬೇಕು. ಇನ್ನು 11 ದಿನಗಳಷ್ಟೇ ಉಳಿದಿವೆ.

ಒಂದು ಮುಂಜಾನೆ ಗಾಳದ ಸಾಲು ಎಳೆಯುವಾಗ, ದೇಹದಷ್ಟೇ ಉದ್ದದ ಬಾಲವಿದ್ದ ತ್ರೆಷರ್ ಶಾರ್ಕ್ ಒಂದು ಹಡಗಿನ ಪಕ್ಕಕ್ಕೆ ಬಂದು ಎರಡು ಬಾರಿ ಬಾಲ ಬಡಿಯಿತು. ಆ ಜಾತಿಯನ್ನು ಇಟ್ಟುಕೊಳ್ಳುವುದನ್ನು ಆಯೋಗವು ನಿಷೇಧಿಸಿರುವುದರಿಂದ ಸಿಬ್ಬಂದಿ ನೀರಿನಲ್ಲೇ ದಾರ ಕತ್ತರಿಸಿದರು, ಅದು ಸರಿಯೇ. ಆದರೆ ಆಮೇಲೆ ಅದು ಈಜಿತೋ ಮುಳುಗಿತೋ ನನಗೆ ಕಾಣಲಿಲ್ಲ. ನನ್ನ ಹಾಳೆಯಲ್ಲಿ ಸ್ಥಳ, ಸಮಯ ಸಹಿತ ಬರೆದಿದ್ದೇನೆ. ಹಡಗಿನವರು ಹಿಡಿದ ಮೀನಿನ ಲೆಕ್ಕ ಬರೆಯುವ ಲಾಗ್‌ಬುಕ್ಕಿನಲ್ಲಿ ಮಾತ್ರ ಅದರ ಸುಳಿವೇ ಇಲ್ಲ, ಮತ್ತು ಲಾಗ್‌ಬುಕ್ ತಾಳೆ ನೋಡುವುದೂ ವೀಕ್ಷಕನ ಕರ್ತವ್ಯವೇ. ಕಪ್ತಾನರನ್ನು ಕೇಳಿದಾಗ, ಮೇಲಕ್ಕೆ ಬಾರದ್ದು ಲೆಕ್ಕಕ್ಕಿಲ್ಲ ಎಂದರು. ನನ್ನನ್ನು ಕಳುಹಿಸಿದ ಸಂಸ್ಥೆಗೆ ಎರಡು ಬಾರಿ ಇಮೇಲ್ ಬರೆದರೂ ಉತ್ತರ ಬಂದಿಲ್ಲ.

ಈ ಕೆಲಸ ಮಾಡಿದವರು ದಯವಿಟ್ಟು ತಿಳಿಸಿ: ಇದನ್ನು ಜೀವಂತ ಬಿಡುಗಡೆ ಎಂದು ನಮೂದಿಸಬೇಕೇ, ಸ್ಥಿತಿ ತಿಳಿಯದು ಎಂದೇ? ಲಾಗ್‌ಬುಕ್ಕಿನೊಂದಿಗಿನ ವ್ಯತ್ಯಾಸವನ್ನು ಇದೇ ವರದಿಯಲ್ಲಿ ಬರೆಯಬೇಕೇ, ಪ್ರತ್ಯೇಕ ಪತ್ರದಲ್ಲೇ?