ಸೌಂಡು, ಗ್ರಾಫಿಕ್ಸ್, ಡ್ರೈವರ್: ಸುಧಾ ಮೇಡಂಗೆ ಕೇಳಿ

ರಘು, ಜಯನಗರ: ಮೇಡಂ, ಹಳೇ ಗೇಮ್ ಓಪನ್ ಆಗ್ತಿಲ್ಲ. ‘ಡಿ3ಡಿಎಕ್ಸ್9_43.ಡಿಎಲ್‌ಎಲ್ ಇಲ್ಲ’ ಅಂತ ಬರುತ್ತೆ. ಗೇಮ್‌ಗೆ ಗ್ರಾಫಿಕ್ಸ್, ಸೌಂಡು ಒದಗಿಸೋ ಡೈರೆಕ್ಟ್‌ಎಕ್ಸ್ 12 ವಿಂಡೋಸ್ 11ರಲ್ಲಿ ಇದೆಯಲ್ಲಾ?

ಸುಧಾ: ಇದೆ, ಆದರೆ ಈ ಫೈಲ್ ಅದರ ಜೊತೆ ಬರಲ್ಲ. ಮೈಕ್ರೋಸಾಫ್ಟ್ ತಾಣದಿಂದಲೇ 2010ರ ಜೂನ್ ಡೈರೆಕ್ಟ್‌ಎಕ್ಸ್ ರನ್‌ಟೈಮ್ ಇಳಿಸಿ ಹಾಕಿ.

ವನಜಾ, ಮಲ್ಲೇಶ್ವರ: ಸಂಗೀತ ಪಾಠದ ರೆಕಾರ್ಡಿಂಗ್. ಹಾಡು ಯುಎಸ್‌ಬಿ ಮೈಕ್‌ನಿಂದ ಒಂದು ಸಾಫ್ಟ್‌ವೇರ್‌ಗೆ, ವೀಣೆ ಆಡಿಯೊ ಇಂಟರ್‌ಫೇಸ್‌ನಿಂದ ಇನ್ನೊಂದಕ್ಕೆ. ಶುರುವಲ್ಲಿ ಸರಿ, ಗಂಟೆ ಕಳೆದ ಮೇಲೆ ವೀಣೆ ಹಿಂದೆ ಬೀಳುತ್ತೆ. ಬಫರ್ 256ರಿಂದ 1024 ಮಾಡಿದ್ರೂ ಅಷ್ಟೇ.

ಸುಧಾ: ಬಫರ್‌ಗೆ (ಸದ್ದನ್ನು ಸ್ವಲ್ಪ ಕೂಡಿಟ್ಟು ಕಳಿಸೋ ಜಾಗ) ಕೈ ಹಾಕಬೇಡಿ. 48,000 ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಸದ್ದಿನ 48,000 ಸ್ಯಾಂಪಲ್, ಅಂದರೆ ಅಳತೆ) 256 ಸ್ಯಾಂಪಲ್ ಅಂದರೆ 5.3 ಮಿಲಿಸೆಕೆಂಡ್, 1024 ಅಂದರೆ 21.3. ಆ ತಡ ಮೊದಲಿಂದ ಕೊನೆವರೆಗೆ ಒಂದೇ. ನಿಮ್ಮದು ಬೆಳೀತಾ ಹೋಗ್ತಿದೆ. ಎರಡು ಸಾಧನಕ್ಕೆ ಎರಡು ಕ್ರಿಸ್ಟಲ್, ಅಂದರೆ ಒಳಗಿನ ಗಡಿಯಾರ ಎರಡು. ಎರಡೂ 48,000 ಅಂತಲೇ ಹೇಳುತ್ತವೆ, ಎಣಿಕೆ ಮಾತ್ರ ಸ್ವಲ್ಪ ಬೇರೆ. ಹತ್ತು ಲಕ್ಷಕ್ಕೆ 50 ಸ್ಯಾಂಪಲ್ ಹೆಚ್ಚುಕಡಿಮೆಯಾದರೆ ಗಂಟೆಗೆ 180 ಮಿಲಿಸೆಕೆಂಡ್, ತಾಳ ಕೆಡೋಕೆ ಸಾಕು. ಎರಡೂ ಮೈಕ್‌ಗೆ ಕೇಳುವಂತೆ ಶುರುವಲ್ಲೊಂದು, ಕೊನೆಗೊಂದು ಚಪ್ಪಾಳೆ ತಟ್ಟಿ, ಟ್ರ್ಯಾಕ್‌ಗಳ ನಡುವಿನ ಅಂತರ ಅಳೆಯಿರಿ. ಅಂತರ ಒಂದೇ ಇದ್ದರೆ ಬಫರ್. ಟ್ರ್ಯಾಕ್ ಜರುಗಿಸಿದರೆ ಮುಗೀತು. ಬೆಳೆದಿದ್ದರೆ ಕ್ರಿಸ್ಟಲ್. ಶ್ರುತಿಯೇ ಸುಮಾರು ಒಂದೂವರೆ ಸ್ವರಸ್ಥಾನ ಏರಿದ್ದರೆ ಅದು ಬೇರೆ ಕಾಯಿಲೆ: 44,100ರ ಫೈಲನ್ನು 48,000 ಅಂದುಕೊಂಡು ಓಡಿಸ್ತಿದೆ.

ಮಂಜುನಾಥ: ಫಾರ್ವರ್ಡ್ ಬಂದಿದ್ದು 👇 ಡಿಎಲ್‌ಎಲ್ ಇಳಿಸಿ ಸಿಸ್ಟಮ್32ಗೆ ಹಾಕಿ, ಈ ರಿಜಿಸ್ಟ್ರಿ ಫೈಲ್ ಓಡಿಸಿ, ಲೇಟೆನ್ಸಿ (ಸೌಂಡಿನ ತಡ) ಸೊನ್ನೆ!!

ಸುಧಾ: ಯಾರೂ ಮುಟ್ಟಬೇಡಿ. ಎಲ್ಲಿಂದಲೋ ತಂದ ಡಿಎಲ್‌ಎಲ್ ಅಂದರೆ ಯಾರದೋ ಪ್ರೋಗ್ರಾಮನ್ನು ಕೈಯಾರೆ ಓಡಿಸಿದ ಹಾಗೆ. 64 ಬಿಟ್ ವಿಂಡೋಸ್‌ನಲ್ಲಿ 32 ಬಿಟ್ ಫೈಲ್‌ನ ಜಾಗ ಸಿಸ್ಟಮ್32 ಅಲ್ಲ, ಸಿಸ್‌ವಾವ್64. ಬರೆದವರಿಗೆ ಅದೂ ಗೊತ್ತಿಲ್ಲ.

ಇಮ್ರಾನ್: ಮ್ಯಾಕ್ ತಗೊಳ್ಳಿ ಮೇಡಂ, ಎರಡೂ ಸೌಂಡ್ ಸಾಧನ ಸೇರಿಸಿ ಒಂದು ಅಗ್ರಿಗೇಟ್ ಡಿವೈಸ್ ಮಾಡಿದ್ರೆ ಆಯ್ತು.

ಕಿರಣ್: ಅಲ್ಲೂ ಗಡಿಯಾರದ ವ್ಯತ್ಯಾಸ ಸರಿಮಾಡೋ ಡ್ರಿಫ್ಟ್ ಕರೆಕ್ಷನ್ ಟಿಕ್ ಮಾಡದಿದ್ರೆ ಇದೇ ಕಥೆ. ಲಿನಕ್ಸ್‌ನಲ್ಲಿ ಸೌಂಡ್ ನೋಡ್ಕೊಳ್ಳೋ ಪೈಪ್‌ವೈರ್ ತಾನೇ ಹೊಂದಿಸುತ್ತೆ.

ಇಮ್ರಾನ್: ಲಿನಕ್ಸ್‌ನವರು ಸೌಂಡ್ ಬಗ್ಗೆ ಹೇಳ್ತಿದಾರೆ 😂

ಕಿರಣ್: ಅವರು ಕೇಳಿದ್ದು ತಾಳದ ಬಗ್ಗೆ ಗುರು, ನಿಮ್ಮ ಇಎಂಐ ಬಗ್ಗೆ ಅಲ್ಲ.

ಫಾತಿಮಾ: ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಗ್ರಾಫಿಕ್ಸ್‌ನ ಓಪನ್‌ಜಿಎಲ್ ಆವೃತ್ತಿ 1.1 ಅಂತ ತೋರಿಸುತ್ತೆ, ಯಾಕೆ?

ಸತೀಶ್: ಡಿ3ಡಿಎಕ್ಸ್9 ಇಲ್ಲ ಅಂತಿದೆ, ಏನ್ಮಾಡ್ಲಿ?

ಸುಧಾ: ಮೇಲೆ ಓದಿ.

ಸತೀಶ್: ಓದ್ದೆ. ಅದರಿಂದ ಆಗುತ್ತಾ?

ಸುಧಾ: ಹಾಕಿ ನೋಡಿ ಸ್ವಾಮಿ.

ವನಜಾ: ಚಪ್ಪಾಳೆ ಅಂತರ ಶುರುವಲ್ಲಿ 12, ಗಂಟೆಯ ಕೊನೆಗೆ 150 ಮಿಲಿಸೆಕೆಂಡ್.

ಸುಧಾ: ಕ್ರಿಸ್ಟಲ್ಲೇ. ಹಳೇ ರೆಕಾರ್ಡಿಂಗ್‌ಗೆ: ಮೊದಲ ಚಪ್ಪಾಳೆ ಕೂಡಿಸಿ, ವೀಣೆ ಟ್ರ್ಯಾಕನ್ನು ಗಂಟೆಗೆ 138 ಮಿಲಿಸೆಕೆಂಡ್ ಕುಗ್ಗಿಸಿ, ಶ್ರುತಿಯಲ್ಲಿ ಕಿವಿಗೆ ಗೊತ್ತಾಗಲ್ಲ. ಮುಂದಕ್ಕೆ ಯುಎಸ್‌ಬಿ ಮೈಕ್ ಬಿಟ್ಟು, ಎಕ್ಸ್‌ಎಲ್‌ಆರ್ (ಮೂರು ಪಿನ್ ಕೇಬಲ್‌ನ) ಮೈಕನ್ನು ಇಂಟರ್‌ಫೇಸ್‌ನ ಎರಡನೇ ಇನ್‌ಪುಟ್‌ಗೇ ಕೊಡಿ, ಆಗ ಎರಡಕ್ಕೂ ಒಂದೇ ಕ್ರಿಸ್ಟಲ್.

ಫಾತಿಮಾ: ನನ್ನ ಓಪನ್‌ಜಿಎಲ್??

ಇಮ್ರಾನ್: ಮ್ಯಾಕ್‌ನಲ್ಲಿ 4.1 ಬರುತ್ತೆ.